ಹಣೆಬರಹವೂ ಉತ್ತರಪತ್ರಿಕೆಯೂ



ತಿಪಟೂರಿನಲ್ಲಿ ನಿಂತು ವಿದ್ಯೆಯ ವಿಷಯವಾಗಿ ಮಾತನಾಡುವವನು, ತುರುವೇಕೆರೆ ಸೀಮೆಯ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ.ಎಂ.ಶ್ರೀ.ಯವರನ್ನೂ ಚಿಕ್ಕನಾಯಕನಹಳ್ಳಿ ಸೀಮೆಯ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ.ನಂ.ಶ್ರೀ.ಯವರನ್ನೂ ಸ್ಮರಿಸಿ, ನೀವೂ ಅವರಂತಾಗಿರೆಂದು ಮಕ್ಕಳಿಗೆ ಉಪದೇಶಿಸಿ ಕುಳಿತುಬಿಡುವುದು ವಾಡಿಕೆ. ನಾನು ಆ ದಾರಿ ಹಿಡಿಯಲಾರೆ. ಮಹನೀಯರ ಹೆಸರನ್ನು ಕೇಳಿದ ಸಾಧಾರಣ ಬಾಲಕನಲ್ಲಿ 'ಅದು ಅವರ ಹಣೆಬರಹ, ಇದು ನನ್ನದು' ಎಂಬ ಭಾವವೇ ಬಲಿಯುವುದನ್ನು ಕಂಡಿದ್ದೇನೆ. ಇಂದಿನ ನನ್ನ ವಿಷಯವೇ ಆ ಹಣೆಬರಹ.

ತನಗೊದಗುವ ಫಲಕ್ಕೆ ತಾನೆಷ್ಟು ಕಾರಣ, ದೈವವೂ ಪರರೂ ಎಷ್ಟು ಕಾರಣ ಎಂಬ ವಿಷಯದಲ್ಲಿ ಪ್ರತಿಯೊಬ್ಬನೊಳಗೂ ಬೇರೂರಿರುವ ನಂಬಿಕೆಯನ್ನು ಅಳೆಯುವ ವಿಧಾನವೊಂದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ ಪ್ರಕಟಿಸಿದರು. ಅದೇ ವರ್ಷ ಜೇಮ್ಸ್ ಕೋಲ್‌ಮನ್ ಮತ್ತವರ ಸಂಗಡಿಗರು ಆ ದೇಶದ ಆರು ಲಕ್ಷದಷ್ಟು ವಿದ್ಯಾರ್ಥಿಗಳನ್ನು ಕುರಿತು ಒಪ್ಪಿಸಿದ ವರದಿಯಲ್ಲಿ, ತನ್ನ ಭವಿತವ್ಯ ಸ್ವಲ್ಪಮಟ್ಟಿಗಾದರೂ ತನ್ನ ಕೈಯಲ್ಲಿದೆಯೆಂಬ ಭಾವನೆಗೂ ಕಲಿಕೆಗೂ ಇರುವ ನಂಟು, ಶಾಲೆಗೆ ಸಂಬಂಧಿಸಿದ ಅಂಶಗಳೆಲ್ಲ ಒಟ್ಟುಗೂಡಿದರೂ ಅವಕ್ಕಿಂತ ಬಲವಾದುದೆಂದು ಕಂಡುಬಂದಿತು. ನಂಬಿಕೆಯಿಂದ ಅಂಕ ಬಂದಿತೋ, ಅಂಕ ಬಂದುದರಿಂದ ನಂಬಿಕೆ ಹುಟ್ಟಿತೋ ಎಂಬುದನ್ನು ಇಂತಹ ನಂಟು ಹೇಳದು. ಎರಡೂ ಒಂದನ್ನೊಂದು ಪೋಷಿಸುತ್ತವೆಂದು ನನ್ನ ಊಹೆ.

ಇದನ್ನು ಕೇಳಿದೊಡನೆ ಹಿರಿಯರಿಗೆ ಗಾದೆಯೊಂದು ನೆನಪಾಗುತ್ತದೆ: ಕುಣಿಯಲಾರದವಳು ನೆಲ ಡೊಂಕೆಂದಳು. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವುದುಂಟಷ್ಟೆ! ಮಳೆ ಕೈಕೊಟ್ಟು, ನುಸಿಪೀಡೆ ತಗುಲಿ, ಕೊಬ್ಬರಿಯ ಧಾರಣೆ ಕುಸಿದ ವರ್ಷ ತೋಟದ ಮನೆಯ ಹುಡುಗಿಯೊಬ್ಬಳು ಓದು ಬಿಟ್ಟು, ಕಾಯಿ ಸುಲಿಯುವವರಿಗೆ ಬುತ್ತಿ ಹೊರುವಂತಾದರೆ, ಆಕೆಗೆ ಪುರುಷಪ್ರಯತ್ನದ ಮಹಿಮೆಯನ್ನು ಬೋಧಿಸುವುದು ಕ್ರೌರ್ಯ. ಅವಳ ಅಪ್ಪನನ್ನೇ ನೋಡಿ. ಧಾರಣೆ ತನ್ನ ಕೈಯದಲ್ಲವೆಂದು ಅವನು ಬಲ್ಲ. ಪಾತಿ ಮಾಡಿ ಗೊಬ್ಬರ ಕೊಡುವ ಕೆಲಸ ತನ್ನದೇ ಎಂದೂ ಬಲ್ಲ. ಇವೆರಡನ್ನು ಬೇರ್ಪಡಿಸಬಲ್ಲ ವಿವೇಕವನ್ನೇ ನಾನು ಸ್ವಾಧೀನಭಾವವೆಂದು ಕರೆಯುವುದು. ಸರ್ವವೂ ನನ್ನಿಂದಲೇ ಎಂಬುದು ಬರಿಯ ಹಮ್ಮು.

ಈ ವಿವೇಕ ಲಭಿಸುವುದು ಆತ್ಮಾವಲೋಕನದಿಂದ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ಅದನ್ನು ಯಾರೂ ಒಡೆದು ನೋಡುವುದಿಲ್ಲ. ಕಿವಿಯ ಬಳಿ ಅಲುಗಿಸಿ, ನೀರು ಕುಲುಕಿದರೆ ಇನ್ನೂ ಹಸಿಯೆಂದೂ, ಗಿಟುಕು ಚಿಪ್ಪನ್ನು ಬಿಟ್ಟು ಗಡಗಡಿಸಿದರೆ ಸಿದ್ಧವೆಂದೂ ಅರಿಯುತ್ತಾರೆ. ಪುಸ್ತಕ ಮುಚ್ಚಿಟ್ಟು, ಓದಿದುದನ್ನು ನೆನಪಿನಿಂದಲೇ ಬರೆದು, ಎಲ್ಲಿ ತೊಡರಿತೆಂದು ಗುರುತಿಸುವ ವಿದ್ಯಾರ್ಥಿ ತನ್ನನ್ನು ತಾನು ಹಾಗೆ ಅಲುಗಿಸಿ ಕೇಳಿಕೊಳ್ಳುತ್ತಾನೆ. ಮರಳಿ ಮರಳಿ ಓದುವವನಾದರೋ ಕಣ್ಣಿಗೆ ಪರಿಚಿತವಾದುದನ್ನು ಮನಸ್ಸಿಗೆ ತಿಳಿದುದೆಂದು ಭ್ರಮಿಸಿ, ಪರೀಕ್ಷೆಯ ದಿನ ಬೆರಗಾಗುತ್ತಾನೆ. 'ಗಣಿತ ನನಗೆ ಹತ್ತುವುದಿಲ್ಲ' ಎಂಬುದು ಹಣೆಬರಹದ ಮಾತು. 'ಭಿನ್ನರಾಶಿಯ ಭಾಗಾಕಾರದಲ್ಲಿ ತಪ್ಪುತ್ತೇನೆ' ಎಂಬುದು ನಾಳೆ ಬೆಳಗ್ಗೆ ಮಾಡಬಹುದಾದ ಕೆಲಸ.

2024ರಲ್ಲಿ ನಮ್ಮ ರಾಜ್ಯವು ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಒಂದೇ ವರ್ಷ ಮೂರು ಬಾರಿ ಬರೆಯುವ ಅವಕಾಶ ಕಲ್ಪಿಸಿತು. ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿಕೊಳ್ಳುವ ಅನುಕೂಲವೂ ಉಂಟು. ನಾನು ಕಂಡಮಟ್ಟಿಗೆ ಆ ಪ್ರತಿಯಲ್ಲಿ ಮೌಲ್ಯಮಾಪಕರ ತಪ್ಪನ್ನು ಹುಡುಕುವವರೇ ಬಹುಮಂದಿ. ತಮ್ಮ ತಪ್ಪನ್ನು ಓದಿಕೊಂಡು ಎರಡನೆಯ ಪರೀಕ್ಷೆಗೆ ಕುಳಿತವರು ವಿರಳ.

ಸಭೆಯಲ್ಲಿರುವ ತಾಯಿತಂದೆಯರಲ್ಲಿ ನನ್ನದೊಂದು ಬಿನ್ನಹ: ಮುಂದಿನ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದಾಗ, ಎಷ್ಟು ಬಂತೆಂದು ಕೇಳುವ ಮುನ್ನ ಮಗುವಿನ ಪಕ್ಕದಲ್ಲಿ ಕುಳಿತು, ಕೆಂಪುಶಾಯಿ ಬಿದ್ದ ಒಂದೇ ಒಂದು ಲೆಕ್ಕವನ್ನು ಅದರ ಬಾಯಿಂದಲೇ ಬಿಡಿಸಿ ಹೇಳಿಸಿರಿ.