ಕುದುರೆಯ ಕಣ್ಣಿಗೆ ಬಂದ ಹಸುವಿನ ಹುಳು

ಕುದುರೆಯನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಮೊದಲು ಅದರ ಕಣ್ಣು ನೋಡಿ. ನೆಲದ ಮೇಲೆ ಬದುಕುವ ಪ್ರಾಣಿಗಳಲ್ಲಿ ಇಷ್ಟು ದೊಡ್ಡ ಕಣ್ಣಿರುವವು ಬಹಳ ಕಡಿಮೆ. ನಮ್ಮ ಕಣ್ಣುಗುಡ್ಡೆಯ ಅಡ್ಡಗಲ ಸುಮಾರು 2.4 ಸೆಂಟಿಮೀಟರ್, ಕುದುರೆಯದು 4 ಸೆಂಟಿಮೀಟರ್ ದಾಟುತ್ತದೆ. ಅದರ ಪಾಪೆ ನಮ್ಮದರಂತೆ ದುಂಡಗಿಲ್ಲ, ಅಡ್ಡಡ್ಡಲಾಗಿ ಉದ್ದಕ್ಕಿದೆ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಹುಲ್ಲು ಮೇಯುತ್ತಲೇ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಅದಕ್ಕೆ ಕಾಣುತ್ತದೆ. ಆದರೆ ನೇರ ಹಿಂಬದಿ ಕಾಣದು. ಕುದುರೆಯ ಹಿಂದೆ ಹೋಗಿ ನಿಲ್ಲಬೇಡಿ ಎಂದು ಲಾಯದವರು ಹೇಳುವುದು ಅದಕ್ಕೇ.

ಇಂಥ ಚೆಂದದ ಕಣ್ಣಿನೊಳಗೆ ಒಮ್ಮೊಮ್ಮೆ ಒಂದು ಹುಳು ಈಜಾಡುತ್ತದೆ. ರೆಪ್ಪೆಯ ಅಡಿಯಲ್ಲಲ್ಲ, ಕಣ್ಣಿನ ಮೇಲಲ್ಲ, ಕಣ್ಣಿನ ಒಳಗೇ!

ಅದು ಎಲ್ಲಿರುತ್ತದೆ ಎಂದು ತಿಳಿಯಲು ಕಣ್ಣಿನ ಮುಂಭಾಗ ಹೇಗಿದೆ ಎಂದು ಸ್ವಲ್ಪ ನೋಡೋಣ. ಎಲ್ಲಕ್ಕಿಂತ ಹೊರಗೆ ಕಾರ್ನಿಯಾ ಎಂಬ ಪಾರದರ್ಶಕ ಪರದೆ ಇದೆ. ಅದರ ಹಿಂದೆ ಕಂದು ಬಣ್ಣದ ಐರಿಸ್. ಐರಿಸ್‌ನ ನಡುವಿನ ಕಿಂಡಿಯೇ ಪಾಪೆ. ಕಾರ್ನಿಯಾಕ್ಕೂ ಐರಿಸ್‌ಗೂ ನಡುವೆ ಒಂದು ಪುಟ್ಟ ಕೋಣೆ, ಅದರ ತುಂಬ ತಿಳಿನೀರಿನಂಥ ದ್ರವ. ಹುಳು ಸೇರಿಕೊಳ್ಳುವುದು ಆ ಕೋಣೆಯಲ್ಲಿ. ಹೊಲಿಗೆ ದಾರದಷ್ಟು ಸಣ್ಣ, ಬಿಳಿ ಬಣ್ಣ, ಕೆಲವು ಸೆಂಟಿಮೀಟರ್ ಉದ್ದ. ಸುರುಳಿ ಸುತ್ತುತ್ತದೆ, ಬಿಚ್ಚಿಕೊಳ್ಳುತ್ತದೆ, ಅತ್ತಿತ್ತ ಹೊರಳುತ್ತದೆ. ಒಮ್ಮೊಮ್ಮೆ ಪಾಪೆಯ ಕಿಂಡಿಯೊಳಗೆ ನುಸುಳಿ ಐರಿಸ್‌ನ ಹಿಂದೆ ಮರೆಯಾಗಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮುಂದೆ ಬರುತ್ತದೆ. ಸಾಮಾನ್ಯವಾಗಿ ಒಂದೇ ಕಣ್ಣು, ಒಂದೇ ಹುಳು. ದೇಹದೊಳಗಿರುವ ಜಂತುಹುಳುಗಳು ಜೀವಂತವಾಗಿ ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಇದನ್ನು ಬರಿಗಣ್ಣಿನಲ್ಲೇ ನೋಡಬಹುದು.

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1780ರ ದಶಕದಲ್ಲಿ ಇಂಥದೊಂದು ಕುದುರೆ ಭಾರಿ ಸುದ್ದಿಯಾಗಿತ್ತು. ಅದರ ಕಣ್ಣೊಳಗೆ ಜೀವಂತ ಹಾವಿದೆ ಎಂದು ಜನ ನಂಬಿದ್ದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಹಾಪ್ಕಿನ್ಸನ್ ಅದರ ಬಗ್ಗೆ ಬರೆದು ಅಲ್ಲಿನ ವಿದ್ವಾಂಸರ ಸಂಘಕ್ಕೆ ಒಪ್ಪಿಸಿದರು. ಹಾವೆಂಬ ಮಾತನ್ನು ಕೇಳಿಕೊಂಡು ಸುಮ್ಮನಾಗದೆ, ಅದನ್ನು ಹುಳು ಎಂದು ಕರೆದು, ಕಂಡದ್ದನ್ನು ಬರೆದಿಟ್ಟರಲ್ಲ, ಅದು ನನಗೆ ಬಹಳ ಇಷ್ಟ.

ನೋಡುವವರಿಗೆ ಸೋಜಿಗ, ಕುದುರೆಗೆ ಮಾತ್ರ ಸಂಕಟ. ಹುಳು ಹೊರಳಾಡಿದಷ್ಟೂ ಕಣ್ಣಿನ ಒಳಭಾಗ ಕೆರಳುತ್ತದೆ. ಧಾರೆಯಾಗಿ ನೀರು ಸುರಿಯುತ್ತದೆ, ರೆಪ್ಪೆ ಊದುತ್ತದೆ. ಬೆಳಕು ಬಿದ್ದರೆ ಸಾಕು, ಕುದುರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತಲೆ ಕೊಡವುತ್ತದೆ. ದಿನ ಕಳೆದಂತೆ ಕಾರ್ನಿಯಾ ಮಂಜು ಕವಿದು ನೀಲಿಬಿಳಿಯಾಗುತ್ತದೆ. ಹಾಗೆಯೇ ಬಿಟ್ಟರೆ ಆ ಕಣ್ಣಿನ ದೃಷ್ಟಿಯೇ ಹೋಗಬಹುದು.

ಸರಿ, ಹುಳು ಅಲ್ಲಿಗೆ ಬಂದದ್ದಾದರೂ ಹೇಗೆ? ಕುದುರೆಯ ಮೇವಿನಲ್ಲಿ ಹುಡುಕಿದರೂ, ಕುಡಿಯುವ ನೀರಿನಲ್ಲಿ ಹುಡುಕಿದರೂ ಉತ್ತರ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಉತ್ತರ ಹೆಚ್ಚಾಗಿ ಇರುವುದು ಪಕ್ಕದ ದನದ ಕೊಟ್ಟಿಗೆಯಲ್ಲಿ.

ಈ ಹುಳುವಿನ ಹೆಸರು ಸೆಟೇರಿಯಾ ಡಿಜಿಟಾಟಾ. ಹಸು, ಎಮ್ಮೆಗಳೇ ಅದರ ಸ್ವಂತ ಮನೆ. ಅವುಗಳ ಹೊಟ್ಟೆಯಲ್ಲಿ, ಕರುಳಿನ ಒಳಗಲ್ಲ, ಕರುಳಿನ ಸುತ್ತಲಿನ ಜಾಗದಲ್ಲಿ, ಅದು ಬೆಳೆದು ದೊಡ್ಡದಾಗುತ್ತದೆ. ಅಲ್ಲಿ ಅದರಿಂದ ಹಸುವಿಗೆ ಸಾಮಾನ್ಯವಾಗಿ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಹಸು ಮೇಯುತ್ತದೆ, ಹಾಲು ಕೊಡುತ್ತದೆ, ಮೆಲುಕು ಹಾಕುತ್ತ ಮಲಗುತ್ತದೆ. ಹೆಣ್ಣು ಹುಳು ಹಾಕಿದ ಮರಿಗಳು ಹಸುವಿನ ರಕ್ತಕ್ಕೆ ಇಳಿಯುತ್ತವೆ. ಒಂದೊಂದು ಮರಿಯೂ ಒಂದು ಮಿಲಿಮೀಟರಿನ ಕಾಲುಭಾಗದಷ್ಟೇ ಉದ್ದ, ಸೂಕ್ಷ್ಮದರ್ಶಕವಿಲ್ಲದೆ ಕಾಣುವುದಿಲ್ಲ.

ಮುಸ್ಸಂಜೆ ಸೊಳ್ಳೆ ಬಂದು ಹಸುವಿನ ರಕ್ತ ಹೀರುತ್ತದೆ. ರಕ್ತದ ಜೊತೆಗೆ ಮರಿಗಳೂ ಸೊಳ್ಳೆಯ ಹೊಟ್ಟೆ ಸೇರುತ್ತವೆ. ಅಲ್ಲಿ ಅವು ಜೀರ್ಣವಾಗಿ ಹೋಗಬೇಕಿತ್ತು, ಆದರೆ ಹೋಗುವುದಿಲ್ಲ. ಸೊಳ್ಳೆಯ ಎದೆಯ ಸ್ನಾಯುಗಳೊಳಗೆ ತೂರಿ, ಸುಮಾರು ಎರಡು ವಾರ ಬೆಳೆದು, ಪೊರೆ ಕಳಚಿ, ಕೊನೆಗೆ ಸೊಳ್ಳೆಯ ಸೊಂಡಿಲಿನ ಕಡೆಗೆ ಸಾಗುತ್ತವೆ. ಆ ಸೊಳ್ಳೆ ಮುಂದೆ ಯಾರನ್ನು ಕಚ್ಚುತ್ತದೋ ಅವರ ಚರ್ಮದ ಮೇಲೆ ಇಳಿದು, ಕಚ್ಚಿದ ಗಾಯದಿಂದಲೇ ಒಳಹೊಗುತ್ತವೆ.

ಸೊಳ್ಳೆ ಮತ್ತೊಂದು ಹಸುವನ್ನು ಕಚ್ಚಿದರೆ ಹುಳುವಿನ ಬದುಕು ಸರಾಗ. ಕುದುರೆಯನ್ನು ಕಚ್ಚಿದರೆ? ಮೈಸೂರಿಗೆ ಹೊರಟವರು ಗೊತ್ತಿಲ್ಲದೆ ಮಂಗಳೂರಿನ ಬಸ್ಸು ಹತ್ತಿದ ಹಾಗಾಯಿತು. ಕುದುರೆಯ ಮೈಯೊಳಗಿನ ದಾರಿಗಳು ಅದಕ್ಕೆ ಒಗ್ಗಿದ ದಾರಿಗಳಲ್ಲ. ಎಳೆಯ ಹುಳು ಅಲೆದಾಡುತ್ತದೆ. ಕೆಲವೊಮ್ಮೆ ಕಣ್ಣು ಸೇರುತ್ತದೆ. ಇನ್ನು ಕೆಲವೊಮ್ಮೆ ಬೆನ್ನುಹುರಿ ಸೇರುತ್ತದೆ. ಆಗ ಹಿಂಗಾಲುಗಳ ಶಕ್ತಿ ಕುಂದಿ ಕುದುರೆ ಕಾಲೆಳೆಯುತ್ತದೆ. ಈ ರೋಗಕ್ಕೆ ಕುಮ್ರಿ ಎನ್ನುತ್ತಾರೆ, ಕಣ್ಣಿನ ಹುಳುವಿಗಿಂತ ಅದು ಕಠಿಣ. ಕಣ್ಣಿಗೆ ಬಂದ ಹುಳುವಿಗೂ ಸುಖವಿಲ್ಲ. ಅಲ್ಲಿ ಅದು ಪೂರ್ತಿ ಬಲಿಯುವುದಿಲ್ಲ, ಮರಿ ಹಾಕುವುದಿಲ್ಲ. ಹಾಗಾಗಿ ಈ ಕುದುರೆಯಿಂದ ಪಕ್ಕದ ಕುದುರೆಗೆ ಅದು ಹರಡುವುದೂ ಇಲ್ಲ. ಕುದುರೆಗೇ ಮೀಸಲಾದ ಸೆಟೇರಿಯಾ ಎಕ್ವಿನಾ ಎಂಬ ಹುಳು ಬೇರೆ ಇದೆ. ಅದು ಸಾಮಾನ್ಯವಾಗಿ ಕುದುರೆಯ ಹೊಟ್ಟೆಯಲ್ಲಿ ತನ್ನ ಪಾಡಿಗೆ ತಾನಿರುತ್ತದೆ.

ಯೂರೋಪು, ಅಮೆರಿಕಗಳಲ್ಲಿ ಕುದುರೆಯ ಕಣ್ಣುಹುಳು ಎಂದರೆ ಸಾಮಾನ್ಯವಾಗಿ ಬೇರೆಯದೇ ಜಾತಿ, ಥೆಲೇಜಿಯಾ. ಅದನ್ನು ಹೊತ್ತು ತರುವುದು ನೊಣ. ಅದು ಕಣ್ಣಿನ ಒಳಗೆ ಇಳಿಯದೆ ರೆಪ್ಪೆಯಡಿಯಲ್ಲಿ, ಕಣ್ಣೀರಿನ ನಾಳಗಳಲ್ಲಿ ಇರುತ್ತದೆ. ಕಣ್ಣೀರು ನೆಕ್ಕಲು ಬಂದ ನೊಣ ಹುಳುವಿನ ಮರಿಗಳನ್ನೂ ಒಯ್ಯುತ್ತದೆ.

ಮತ್ತೆ ಸೊಳ್ಳೆಯ ವಿಷಯಕ್ಕೆ ಬಂದರೆ, ಅದರ ಮೈಯೊಳಗೆ ಹುಳುವಿನ ಮರಿ ಬೆಳೆಯುತ್ತದೆ ಎಂದು ಮೊದಲು ಕಂಡವರು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು. ಅವರು 1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿದ್ದರು. ಅವರು ನೋಡಿದ್ದು ಮನುಷ್ಯರಿಗೆ ಆನೆಕಾಲು ರೋಗ ತರುವ ಹುಳುವನ್ನು. ಸೆಟೇರಿಯಾಕ್ಕೆ ಅದು ದೂರದ ನೆಂಟ. ರಕ್ತದಲ್ಲಿ ಮರಿಗಳಿದ್ದ ತಮ್ಮ ತೋಟದ ಆಳನ್ನು ಸೊಳ್ಳೆಗಳಿಂದ ಕಚ್ಚಿಸಿ, ದಿನದಿನವೂ ಆ ಸೊಳ್ಳೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡಿದರು. ಮರಿಗಳು ಬೆಳೆಯುತ್ತಿದ್ದವು! ಆದರೆ ಸೊಳ್ಳೆ ಬಿದ್ದು ಸತ್ತ ನೀರು ಕುಡಿದಾಗ ರೋಗ ಬರುತ್ತದೆ ಎಂದು ಅವರು ಭಾವಿಸಿದ್ದರು. ಮರಿಗಳು ಸೊಳ್ಳೆಯ ಸೊಂಡಿಲಿಗೇ ಬರುತ್ತವೆ ಎಂದು ಜಾರ್ಜ್ ಲೋ ತೋರಿಸಿಕೊಟ್ಟದ್ದು 1900ರಲ್ಲಿ. ಇಷ್ಟು ಸಣ್ಣ ಸಂಗತಿ ತಿಳಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಈಗ ಕುದುರೆಯ ಬಳಿಗೆ ಬರೋಣ. ಔಷಧಿ ಕೊಟ್ಟು ಹುಳುವನ್ನು ಒಳಗೇ ಸಾಯಿಸಿದರೆ ಆಗದೇ? ಅದರಲ್ಲೊಂದು ತೊಡಕಿದೆ. ಸತ್ತ ಹುಳು ಕಣ್ಣೊಳಗೇ ಕೊಳೆತರೆ ಕಣ್ಣು ಇನ್ನಷ್ಟು ಕೆರಳಬಹುದು. ಅದಕ್ಕೆ ಪಶುವೈದ್ಯರು ಹುಳುವನ್ನು ಜೀವಂತವಾಗಿಯೇ ಹೊರಗೆ ತೆಗೆಯಲು ನೋಡುತ್ತಾರೆ.

ನಾನೂರು ಐನೂರು ಕಿಲೋ ತೂಗುವ ಪ್ರಾಣಿ ಒಂದಿಷ್ಟು ಬೆದರಿ ತಲೆ ಒದರಿದರೂ ಸೂಜಿ ಎಲ್ಲೋ ಚುಚ್ಚಿಬಿಡುತ್ತದೆ. ಹಾಗಾಗಿ ಮೊದಲು ಅರಿವಳಿಕೆ ಕೊಟ್ಟು ಕುದುರೆಯನ್ನು ಮೆತ್ತನೆಯ ಹಾಸಿನ ಮೇಲೆ ಮಲಗಿಸುತ್ತಾರೆ. ಪಾಪೆ ಕಿರಿದಾಗುವ ಹನಿಯನ್ನು ಕಣ್ಣಿಗೆ ಬಿಡುವುದುಂಟು, ಹುಳು ಕಿಂಡಿ ದಾಟಿ ಹಿಂದಕ್ಕೆ ಓಡಿಹೋಗದಿರಲಿ ಎಂದು. ರೆಪ್ಪೆಗಳನ್ನು ಅಗಲಿಸಿ ಹಿಡಿದು, ಕಾರ್ನಿಯಾ ಮುಗಿದು ಬಿಳಿಗುಡ್ಡೆ ಶುರುವಾಗುವ ಅಂಚಿನಲ್ಲಿ ವೈದ್ಯರು ಸೂಜಿಯಿಂದ ಒಂದೇ ಒಂದು ಸಣ್ಣ ತೂತು ಮಾಡುತ್ತಾರೆ. ಕಣ್ಣೊಳಗಿನ ದ್ರವ ಒತ್ತಡದಲ್ಲಿರುವುದರಿಂದ ಚಿಮ್ಮುತ್ತದೆ. ಅದರ ಜೊತೆಗೇ ಹುಳುವೂ ಹೊರಗೆ! ಬಟ್ಟಲಿನ ಉಪ್ಪುನೀರಿಗೆ ಹಾಕಿದರೆ ಇನ್ನೂ ಮಿಸುಕಾಡುತ್ತಿರುತ್ತದೆ.

ದ್ರವ ಸೋರಿಹೋಯಿತಲ್ಲ, ಕಣ್ಣು ಬತ್ತಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ಕಣ್ಣು ಆ ದ್ರವವನ್ನು ಹಗಲಿರುಳೂ ತಯಾರಿಸುತ್ತಲೇ ಇರುತ್ತದೆ, ಹಳೆಯದು ಬಸಿದುಹೋಗುತ್ತಲೇ ಇರುತ್ತದೆ. ಬೇಗನೆ ಕೋಣೆ ಮತ್ತೆ ತುಂಬುತ್ತದೆ. ಅಷ್ಟು ಸಣ್ಣ ತೂತಿಗೆ ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಕಾರ್ನಿಯಾದ ಮಂಜು ಮಾತ್ರ ಒಂದೇ ದಿನಕ್ಕೆ ಹೋಗದು, ನಿಧಾನವಾಗಿ ತಿಳಿಯಾಗುತ್ತದೆ.

ಇಂಥ ಹುಳುಗಳ ಮರಿಗಳನ್ನು ಕೊಲ್ಲುವ ಔಷಧಿಗಳಲ್ಲಿ ಹೆಸರಾದದ್ದು ಐವರ್ಮೆಕ್ಟಿನ್. ಅದರ ಕತೆಯಲ್ಲೂ ಕುದುರೆ ಬರುತ್ತದೆ. ಜಪಾನಿನ ಸತೋಶಿ ಓಮುರಾ ಹಿಡಿಮಣ್ಣಿನಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾದಿಂದ ಬಂದ ಮದ್ದು ಅದು. ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅದರ ಶಕ್ತಿಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಕುದುರೆಯ ಚರ್ಮದಲ್ಲಿರುವ ಆಂಕೊಸೆರ್ಕಾ ಎಂಬ ಹುಳುವಿನ ಮರಿಗಳು ಅದರಿಂದ ಸತ್ತವು. ಆ ಹುಳುವಿನ ಸೋದರ ಜಾತಿಯೊಂದು ಆಫ್ರಿಕಾದ ನದಿದಂಡೆಯ ಹಳ್ಳಿಗಳಲ್ಲಿ ಅಸಂಖ್ಯ ಜನರ ಕಣ್ಣು ಕಿತ್ತುಕೊಳ್ಳುತ್ತಿತ್ತು. ಕುದುರೆಗೆ ಆದದ್ದು ಮನುಷ್ಯರಿಗೂ ಆಗಬಹುದಲ್ಲ ಎಂದು ಕ್ಯಾಂಪ್‌ಬೆಲ್‌ಗೆ ಹೊಳೆಯಿತು. ಮೊಹಮ್ಮದ್ ಅಜೀಜ್ ಎಂಬ ವೈದ್ಯರು 1981ರಲ್ಲಿ ಸೆನೆಗಲ್ ದೇಶದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು, ಫಲಿಸಿತು. 1987ರಿಂದ ಈ ರೋಗಕ್ಕೆ ಅದನ್ನು ಉಚಿತವಾಗಿ ಹಂಚಲಾಗುತ್ತಿದೆ. ಓಮುರಾ, ಕ್ಯಾಂಪ್‌ಬೆಲ್ ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು.

ಕರ್ನಾಟಕದಲ್ಲೂ ಕುದುರೆಗಳಿಗೇನು ಕಡಿಮೆಯೇ? ಬೆಂಗಳೂರು, ಮೈಸೂರುಗಳ ರೇಸ್ ಕುದುರೆಗಳು, ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್‌ನ ಕುದುರೆ ಫಾರಂ, ಜಟಕಾ ಎಳೆಯುವ ಕುದುರೆಗಳು. ಲಾಯದ ಹತ್ತಿರ ದನ ಕಟ್ಟಿದ್ದರೆ, ನಡುವೆ ನಿಂತ ನೀರಿದ್ದರೆ, ಹುಳುವಿನ ದಾರಿ ಸಿದ್ಧವಾದಂತೆಯೇ. ಹಸುವನ್ನು ದೂರುವುದು ಸರಿಯಲ್ಲ, ಅದಕ್ಕೆ ಏನೂ ಗೊತ್ತಿಲ್ಲ. ದಾರಿ ಕಡಿಯಬೇಕಾದದ್ದು ಸೊಳ್ಳೆಯ ಹತ್ತಿರ. ಸೊಳ್ಳೆಯ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರ, ಹತ್ತು ದಿನ ಬೇಕು. ಗಂಜಲ ಹರಿದು ನಿಂತ ಗುಂಡಿಯನ್ನು ಮುಚ್ಚಿದರೆ, ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿದರೆ, ಸಂಜೆ ಲಾಯಕ್ಕೆ ಸೊಳ್ಳೆಪರದೆ ಇಳಿಬಿಟ್ಟರೆ ಎಷ್ಟೋ ಕಣ್ಣುಗಳು ಉಳಿಯುತ್ತವೆ.

ಎಲ್ಲಾದರೂ ಕುದುರೆಯ ಒಂದು ಕಣ್ಣಿನಿಂದ ಮಾತ್ರ ನೀರು ಸುರಿಯುತ್ತಿರುವುದು, ಗುಡ್ಡೆ ನೀಲಿಗಟ್ಟಿರುವುದು ಕಂಡರೆ ಅದರ ಯಜಮಾನರಿಗೆ ಅವತ್ತೇ ಹೇಳಿ. ಸೊಪ್ಪಿನ ರಸವನ್ನೋ ಎಣ್ಣೆಯನ್ನೋ ಕಣ್ಣಿಗೆ ಬಿಡಲು ಹೊರಟಿದ್ದರೆ ಬೇಡವೆನ್ನಿ. ಹುಳುವಿರುವುದು ಕಾರ್ನಿಯಾದ ಆಚೆಗೆ, ಮೇಲೆ ಸುರಿದದ್ದು ಅದನ್ನು ಮುಟ್ಟದು, ಕಣ್ಣು ಮಾತ್ರ ಇನ್ನಷ್ಟು ಉರಿದೀತು. ಪಶುವೈದ್ಯರು ಟಾರ್ಚ್ ಬಿಟ್ಟು ನೋಡಿದರೆ ಹುಳುವಿದೆಯೋ ಇಲ್ಲವೋ ತಿಳಿಯುತ್ತದೆ. ಕಣ್ಣು ಪೂರ್ತಿ ಮಂಜಾಗುವ ಮುಂಚೆ ನೋಡಿಸಬೇಕು. ಮಂಜು ದಟ್ಟವಾದ ಮೇಲೆ ಹುಳು ಒಳಗಿದ್ದರೂ ವೈದ್ಯರಿಗೆ ಅದನ್ನು ಕಾಣುವುದು ಕಷ್ಟ.