ಕುಡಿತದ ಬಿಡುಗಡೆಗೆ ಕೂಟದ ನೆರವು
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನುಡಿಯ ಉಳಿವನ್ನು ಕುರಿತು ಈ ವೇದಿಕೆಯಿಂದ ಹಲವು ಸಲ ಮಾತುಗಳಾಗಿವೆ. ಇಂದು ಮನೆಯ ಉಳಿವನ್ನು ಕುರಿತು ಕೆಲವು ವಿಚಾರಗಳನ್ನು ತಮ್ಮಲ್ಲಿ ಅರಿಕೆಮಾಡಿಕೊಳ್ಳುತ್ತೇವೆ. ಕುಡಿತವು ಹೊಕ್ಕ ಮನೆಯಲ್ಲಿ ಮಗುವಿನ ಪುಸ್ತಕಕ್ಕೆ ಹಣವಿರದು, ದೀಪ ಹಚ್ಚುವ ಹೊತ್ತಿಗೆ ನೆಮ್ಮದಿಯಿರದು. ಅಲ್ಲಿ ಯಾವ ನುಡಿ ತಾನೇ ಬಾಳೀತು?

ಅಂಗಡಿಗೆ ಬೀಗ ಬಿದ್ದರೆ ಸಾಕೆಂದು ನಂಬಿದವರುಂಟು. ಕೇರಳದಲ್ಲಿ ೧೯೯೬ರಲ್ಲಿಯೂ ಕರ್ನಾಟಕದಲ್ಲಿ ೨೦೦೭ರಲ್ಲಿಯೂ ಸಾರಾಯಿಯ ಮಾರಾಟವು ನಿಷಿದ್ಧವಾಯಿತು, ಕುಡಿತವು ನಿಲ್ಲಲಿಲ್ಲ. ಬೈದು, ಬೇಡಿ, ದೇವರ ಮುಂದೆ ಆಣೆಯಿಡಿಸಿ ಸೋತ ಮನೆಗಳು ನಮ್ಮ ಕಾಸರಗೋಡು ಸೀಮೆಯಲ್ಲಿಯೂ ಇವೆ. ಆಣೆ ಮುರಿದವನನ್ನು ನಾವು ನೀತಿಗೆಟ್ಟವನೆಂದು ಜರೆಯುತ್ತೇವೆ. ವೈದ್ಯಶಾಸ್ತ್ರವಾದರೋ ಈ ಸ್ಥಿತಿಯನ್ನು ರೋಗವೆಂದೇ ಎಣಿಸುತ್ತದೆ. ರೋಗಿಗೆ ಬೇಕಾದುದು ಚಿಕಿತ್ಸೆ ಮತ್ತು ಸಹವಾಸ.

ಈ ಸಹವಾಸದ ಬಲವನ್ನು ಕಂಡುಕೊಂಡ ಬಗೆ ಮನನೀಯವಾದುದು. ೧೯೩೫ರಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬಾತನು ವ್ಯವಹಾರದ ನಿಮಿತ್ತ ಅಮೆರಿಕದ ಆಕ್ರನ್ ನಗರಕ್ಕೆ ಹೋಗಿದ್ದನು. ಆತನು ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು. ಕೈಹಿಡಿದ ಕೆಲಸ ಕೆಟ್ಟು, ಮತ್ತೆ ಕುಡಿಯುವ ಆಸೆಯು ಮೂಡಲು, ಆತನು ತನ್ನಂತಹ ಇನ್ನೊಬ್ಬ ಕುಡುಕನನ್ನು ಹುಡುಕಿದನು. ದೊರೆತವರು ಶಸ್ತ್ರವೈದ್ಯರಾದ ರಾಬರ್ಟ್ ಸ್ಮಿತ್. ಆತನು ಅವರಿಗೆ ಉಪದೇಶಮಾಡಲಿಲ್ಲ, ತನ್ನ ಕಥೆಯನ್ನು ಹೇಳಿಕೊಂಡನು. ನೆರವು ನೀಡುವವನಿಗೇ ನೆರವಾಗುವ ಈ ರೀತಿಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಎಂಬ ಬಳಗವು ಹುಟ್ಟಿತು. ಅದು ೧೯೫೭ರಲ್ಲಿ ಭಾರತಕ್ಕೆ ಬಂದಿತು.

ಈ ಕೂಟದಲ್ಲಿ ಸೇರಲು ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಶುಲ್ಕವಿಲ್ಲ, ಜಾತಿ ಮತಗಳ ವಿಚಾರಣೆಯಿಲ್ಲ. ಹೆಸರಿನ ಮೊದಲ ಭಾಗವನ್ನಷ್ಟೇ ಹೇಳಿದರೆ ಸಾಕು. ಸುಮಾರು ಒಂದು ಗಂಟೆ ಅಥವಾ ಒಂದೂವರೆ ಗಂಟೆಯ ಕಾಲ ಒಬ್ಬೊಬ್ಬರಾಗಿ ತಮ್ಮ ಅನುಭವವನ್ನು ನುಡಿಯುತ್ತಾರೆ. ಮಾತನಾಡಲೇಬೇಕೆಂಬ ಒತ್ತಾಯವಿಲ್ಲ, ಸುಮ್ಮನೆ ಕುಳಿತು ಕೇಳಿ ಮರಳಬಹುದು. ಜನ್ಮಪರ್ಯಂತದ ಆಣೆಯನ್ನು ಅಲ್ಲಿ ಕೇಳುವುದಿಲ್ಲ. ಇಂದೊಂದು ದಿನ ಕುಡಿಯದಿರುವುದೇ ಅಲ್ಲಿಯ ವ್ರತ. ಮುಚ್ಚಿದ ಕೂಟಗಳು ಕುಡಿತದ ತೊಂದರೆಯುಳ್ಳವರಿಗೆ ಮಾತ್ರ. ತೆರೆದ ಕೂಟಗಳಿಗೆ ಮನೆಯವರೂ ಬರಬಹುದು. ಮನೆಯವರ ಸಂಕಟಕ್ಕಾಗಿಯೇ ೧೯೫೧ರಲ್ಲಿ ಅಲ್-ಅನಾನ್ ಎಂಬ ಬೇರೊಂದು ಬಳಗವು ಏರ್ಪಟ್ಟಿತು.

ಇದರಿಂದ ಪ್ರಯೋಜನವುಂಟೇ ಎಂದು ಕೇಳುವುದು ನ್ಯಾಯವೇ. ೨೦೨೦ರಲ್ಲಿ ಪ್ರಕಟವಾದ ಕೊಕ್ರೇನ್ ಪರಾಮರ್ಶೆಯು ೨೭ ಅಧ್ಯಯನಗಳನ್ನು ತೂಗಿನೋಡಿ, ಜನರನ್ನು ಎ.ಎ. ಕೂಟಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆಯು, ಪೂರ್ಣವಾಗಿ ಮದ್ಯವನ್ನು ತೊರೆಯುವ ವಿಷಯದಲ್ಲಿ, ಇತರ ಪ್ರಸಿದ್ಧ ಚಿಕಿತ್ಸೆಗಳಿಗೆ ಸಮವಾಗಿಯೋ ಮಿಗಿಲಾಗಿಯೋ ಇದೆಯೆಂದು ತಿಳಿಸಿತು. ಎಲ್ಲರೂ ಗುಣಹೊಂದುವರೆಂದು ಇದರ ಅರ್ಥವಲ್ಲ. ಜಾರಿಬಿದ್ದವರು ಮರಳಿ ಬಂದರೂ ಅಲ್ಲಿ ಕುರ್ಚಿಯುಂಟೆಂಬುದೇ ಮುಖ್ಯ.

ಒಂದು ಎಚ್ಚರಿಕೆ. ಬಹುಕಾಲ ದಿನವೂ ಹೆಚ್ಚಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಮತಿಭ್ರಮಣೆಗಳುಂಟಾಗಿ ಪ್ರಾಣಕ್ಕೇ ಅಪಾಯವಾದೀತು. ಅಂತಹವರು ಮೊದಲು ವೈದ್ಯರನ್ನು ಕಾಣಬೇಕು, ಅನಂತರ ಕೂಟ.

ಕೂಟವನ್ನು ಹುಡುಕುವುದೆಂತು? ಕೇರಳ ಸರಕಾರದ ವಿಮುಕ್ತಿ ಯೋಜನೆಯ ದೂರವಾಣಿ ೧೪೪೦೫. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ ೧೪೪೪೬. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ೧೪೪೧೬. ಎ.ಎ.ಯ ಕೂಟಗಳು ಮಂಗಳೂರಿನಲ್ಲಿಯೂ ಇವೆ. ಹೊರಡುವ ಮುನ್ನ ದಿನ, ವೇಳೆ, ಭಾಷೆಗಳನ್ನು ವಿಚಾರಿಸುವುದು ಲೇಸು. ಒಂದು ಕೂಟವು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬೇಕು. ಮೊದಲ ದಿನದಲ್ಲಿಯೇ ತೀರ್ಮಾನಿಸಬಾರದು.

ಇಲ್ಲಿಯೇ ನಮ್ಮ ಸಂಘದ ಕರ್ತವ್ಯವು ಎದುರಾಗುತ್ತದೆ. ಪೇಟೆಯಲ್ಲಿ ನಾವು ಮಲೆಯಾಳದಲ್ಲಿ ವ್ಯಾಪಾರ ಮಾಡಬಲ್ಲೆವು, ಕಚೇರಿಯಲ್ಲಿ ಅರ್ಜಿ ಬರೆಯಬಲ್ಲೆವು. ಆದರೆ ಹೆಂಡತಿಯ ಕಿವಿಯೋಲೆಯನ್ನು ಒತ್ತೆಯಿಟ್ಟು ಕುಡಿದೆನೆಂದು ಹೇಳಿಕೊಳ್ಳಲು ಕಲಿತ ಭಾಷೆ ಸಾಲದು. ತಾಯಿಯ ಭಾಷೆಯೇ ಬೇಕು. ಮಾತೇ ಮದ್ದಾಗಿರುವ ಕೂಟದಲ್ಲಿ ಮಾತು ತಡವರಿಸಿದರೆ ಮದ್ದು ಮೈಗೆ ಹತ್ತೀತೆ? ಪ್ರತಿ ವಾರವೂ ರೈಲು ಹಿಡಿದು ಮಂಗಳೂರಿಗೆ ಹೋಗಿಬರುವ ಶಕ್ತಿ ಎಲ್ಲ ಕೂಲಿಕಾರರಿಗೂ ಇದ್ದೀತೆ?

ಆದುದರಿಂದ, ಬಿಡುಗಡೆ ಹೊಂದಿದವರು ಕನ್ನಡದ ಕೂಟವೊಂದನ್ನು ನಡೆಸಲು ಮುಂದೆಬಂದರೆ, ವಾರದಲ್ಲೊಂದು ಸಂಜೆ ನಮ್ಮ ವಾಚನಾಲಯದ ಹಿಂಬದಿಯ ಕೊಠಡಿಯನ್ನು ಅವರಿಗೆ ಬಿಟ್ಟುಕೊಡೋಣವೆಂದು ಸೂಚಿಸುತ್ತೇವೆ. ಅವರು ಹೊರಗಿನವರ ದಾನವನ್ನು ಸ್ವೀಕರಿಸುವುದಿಲ್ಲ. ಬಾಡಿಗೆಯೆಂದು ಅಲ್ಪ ಹಣವನ್ನಾದರೂ ಕೊಡುವರು. ಅದನ್ನು ಪಡೆದುಕೊಳ್ಳೋಣ. ಆ ಕೂಟದ ಮೇಲೆ ಸಂಘದ ಫಲಕವಿರಬಾರದು. ವರದಿಯಲ್ಲಿ ಬಂದವರ ಹೆಸರಿರಬಾರದು, ಭಾವಚಿತ್ರವಿರಬಾರದು. ಕಿಟಕಿಯಲ್ಲಿ ಇಣುಕುವ ಕುತೂಹಲವೂ ನಮಗೆ ಬೇಡ.

ಹಾರ ತುರಾಯಿಗಳಿಗೆ ಒಗ್ಗಿದ ನಮಗೆ ಇದು ಕಷ್ಟದ ಸೇವೆಯೇ ಸರಿ. ಬೀಗದ ಕೈಯನ್ನು ಕೊಟ್ಟು, ದೀಪದ ವ್ಯವಸ್ಥೆ ಮಾಡಿ, ನಾವು ಅಲ್ಲಿಂದ ಹೊರಟುಬಿಡಬೇಕು. ಈ ಸೂಚನೆಯನ್ನು ಕಾರ್ಯಕಾರೀ ಸಮಿತಿಯು ಮುಂದಿನ ಸಭೆಯಲ್ಲಿಯೇ ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇವೆ.