ಮಣ್ಣು ಹದಕ್ಕೆ ಬರುವಷ್ಟರಲ್ಲಿ

ನಡುರಾತ್ರಿ ಎದ್ದು ಮಾರ್ಕೆಟ್ಟಿಗೆ ಸೊಪ್ಪು ಇಳಿಸಿ, ನಿದ್ದೆಗೆಟ್ಟೇ ಇಲ್ಲಿಗೆ ಬಂದಿರುವ ಬೆಳೆಗಾರ ಬಂಧುಗಳೇ,

ನಮ್ಮ ಸಭೆಗಳಲ್ಲಿ ದರ, ದಲ್ಲಾಳಿ, ಬೋರ್‌ವೆಲ್ಲು, ಕರೆಂಟಿನ ಮಾತು ಮುಗಿಯುವುದೇ ಇಲ್ಲ. ನೆಲದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತುವುದಾದರೂ ಹೇಗೆ? ಇಲ್ಲಿ ಕುಳಿತಿರುವ ಎಷ್ಟೋ ಮಂದಿ ಬೆಳೆಯುವ ನೆಲ ಸ್ವಂತದ್ದಲ್ಲ. ಕಾನೂನಿನ ಕಣ್ಣಿಗೆ ಅದು ಗುತ್ತಿಗೆಯೂ ಅಲ್ಲ. ಇವತ್ತು ಅದನ್ನೇ ಮಾತಾಡೋಣ.

ಬೆಂಗಳೂರಿನ ಸೊಪ್ಪು ಒಂದು ಕಾಲಕ್ಕೆ ಬೆಂಗಳೂರಿನೊಳಗೇ ಬೆಳೆಯುತ್ತಿತ್ತು. ಸಂಪಂಗಿ ಕೆರೆಯ ಸುತ್ತ, ಲಾಲ್‌ಬಾಗಿನ ಆಸುಪಾಸಿನಲ್ಲಿ ತಿಗಳರ ತೋಟಗಳಿದ್ದವು. ಆ ಕೆರೆ ಇದ್ದ ಕಡೆ ಈಗ ಕಂಠೀರವ ಕ್ರೀಡಾಂಗಣವಿದೆ. ತೋಟಗಳು ಹೊಸಕೋಟೆ, ಆನೇಕಲ್, ದೇವನಹಳ್ಳಿ ಕಡೆಗೆ ಸರಿದವು. 2008ರಲ್ಲಿ ವಿಮಾನ ನಿಲ್ದಾಣ ಬಂತು, ದೇವನಹಳ್ಳಿಯಲ್ಲೂ ನೆಲ ನಮ್ಮ ಕೈಗೆ ಎಟುಕದಂತಾಯಿತು. ಇನ್ನೂ ಆಚೆ ಹೋದರೆ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಸೊಪ್ಪು ದೂರ ತಾಳುವ ಸರಕಲ್ಲ. ಸಂಜೆ ಕಿತ್ತ ಕೊತ್ತಂಬರಿ ಬೆಳಿಗ್ಗೆ ಮಾರಾಟವಾಗದಿದ್ದರೆ ದನದ ಪಾಲು.

ಕೊಳ್ಳಲಾಗದವನು ಗುತ್ತಿಗೆಗೆ ಹೋಗಬೇಕು. ಅಲ್ಲೇ ಇರುವುದು ಗಂಟು. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಗೇಣಿಯನ್ನು ಕೊನೆಗಾಣಿಸಿತು. ನಮ್ಮ ಪೈಕಿ ಎಷ್ಟೋ ಮನೆಗಳಿಗೆ ಪಹಣಿ ಬಂದದ್ದೇ ಅದರಿಂದ. ಆ ಕಾನೂನನ್ನು ಹಗುರವಾಗಿ ಆಡುವವರ ಜೊತೆ ನಾನಿಲ್ಲ. ಆದರೆ ಗೇಣಿ ನಿಂತದ್ದು ಕಾಗದದ ಮೇಲೆ. ಸೈನಿಕರಂಥ ಕೆಲವರ ಜಮೀನು ಬಿಟ್ಟರೆ ಗುತ್ತಿಗೆ ಕೊಡುವಂತಿಲ್ಲ ಎಂದಿದ್ದರೂ ವಾರಕ್ಕೆ, ಗುತ್ತಿಗೆಗೆ ಜಮೀನು ಕೊಡುವುದು ನಡೆದೇ ಇದೆ, ಎಲ್ಲ ಬಾಯಿಮಾತಿನಲ್ಲಿ. ಬರೆದುಕೊಡಿ ಎಂದರೆ ಯಜಮಾನರಿಗೆ ಅರ್ಧ ಶತಮಾನದ ಹಿಂದೆ ಗೇಣಿದಾರರು ಒಡೆತನ ಕೋರಿ ಹಾಕಿದ ನಮೂನೆ 7 ನೆನಪಾಗುತ್ತದೆ. "ನಾಳೆ ನಂದೇ ಅಂದ್ರೆ ಏನಪ್ಪಾ ಮಾಡ್ಲಿ?" ಅವರ ಭಯ ಸುಳ್ಳೂ ಅಲ್ಲ.

2020ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ಬಂತು. 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದರು. ವಾರಕ್ಕೊಮ್ಮೆ ಬಂದುಹೋಗಲು ಫಾರ್ಮ್‌ಹೌಸ್ ಬೇಕೆನ್ನುವವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ರಾಜಾರೋಷವಾಗಿ ಹೋಗುವಂತಾಯಿತು. ಹತ್ತು ಗುಂಟೆಯಲ್ಲಿ ಮೆಂತ್ಯ ಹಾಕುವವನು ಒಂದು ಕರಾರುಪತ್ರ ಬರೆಸುವ ಹಾಗಿಲ್ಲ. ಇದ್ಯಾವ ನ್ಯಾಯ?

ಇದರ ಪರಿಣಾಮ ಮಡಿಯಲ್ಲೇ ಕಾಣುತ್ತದೆ. ಬೀಳುಬಿಟ್ಟ ನೆಲ ಹಿಡಿದವನು ಮೊದಲ ವರ್ಷ ಗರಿಕೆ, ಕೊನ್ನಾರಿ ಗಡ್ಡೆ ಕೀಳುವುದರಲ್ಲೇ ಸವೆಯುತ್ತಾನೆ. ತಿಪ್ಪೆಗೊಬ್ಬರ ಹೊಡೆಸಿ, ಮಡಿ ಮಟ್ಟ ಮಾಡಿ, ಮಣ್ಣು ಕೈಯಲ್ಲಿ ಪುಡಿಯಾಗುವ ಹದಕ್ಕೆ ಬರುವ ಹೊತ್ತಿಗೆ ಯಜಮಾನರು ಹೇಳುತ್ತಾರೆ: "ಈ ಬೆಳೆ ತೆಗೆದು ಬಿಟ್ಬಿಡಪ್ಪ, ಲೇಔಟಿನೋರು ಬಂದವ್ರೆ." ಎರಡು ಸಲ ಹೀಗಾದವನು ಮೂರನೇ ಸಲ ಗೊಬ್ಬರದ ಲೋಡು ಏಕೆ ಹೊಡೆಸುತ್ತಾನೆ? ಇಪ್ಪತ್ತೈದು ದಿನದ ದಂಟಿಗೆ ಯೂರಿಯಾ ಎರಚಿ ಕಿತ್ತುಕೊಂಡು ಹೋಗುತ್ತಾನೆ. ಸೊಪ್ಪಿನಲ್ಲಿ ವಿಷವಿದೆ ಎಂದು ಪೇಟೆಯವರು ಗೊಣಗುವಾಗ ಇದನ್ನೂ ಸ್ವಲ್ಪ ಯೋಚಿಸಬೇಕು.

ಬೆಳೆಸಾಲ, ಹನಿ ನೀರಾವರಿ ಸಬ್ಸಿಡಿ, ಬೆಳೆಹಾನಿ ಪರಿಹಾರ, ಎಲ್ಲಕ್ಕೂ ಪಹಣಿ ಬೇಕು. ಆಲಿಕಲ್ಲು ಬಿದ್ದು ಹಾಳಾಗುವುದು ಒಬ್ಬನ ಬೆಳೆ, ದುಡ್ಡು ಜಮೆಯಾಗುವುದು ಇನ್ನೊಬ್ಬನ ಖಾತೆಗೆ.

ನೆರೆಯವರು ದಾರಿ ಹುಡುಕಿದ್ದಾರೆ. ಆಂಧ್ರದಲ್ಲಿ 2011ರ ಕಾಯ್ದೆ ಒಡೆತನವನ್ನು ಮುಟ್ಟದೆಯೇ ಗುತ್ತಿಗೆ ರೈತನಿಗೆ ಸಾಲದ ಅರ್ಹತೆಯ ಕಾರ್ಡು ಕೊಟ್ಟಿತು. ಎಲ್ಲರಿಗೂ ತಲುಪಲಿಲ್ಲ ಎಂಬ ದೂರು ಅಲ್ಲೂ ಇದೆ. ಆದರೆ ಉಳುವವನ ಹೆಸರು ಸರ್ಕಾರದ ಪುಸ್ತಕಕ್ಕಾದರೂ ಬಂತು. ಕೇರಳದ ಕುಡುಂಬಶ್ರೀ ಯೋಜನೆಯ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು, ಬೇರೆಯವರ ನೆಲ ಹಿಡಿದು ತರಕಾರಿ ಬೆಳೆಯುತ್ತಿದ್ದಾರೆ. ಒಬ್ಬಂಟಿಗೆ ಇಲ್ಲವೆನ್ನುವ ಯಜಮಾನರು ಗುಂಪನ್ನು ನಂಬಿಯಾರು.

ಮಧ್ಯಾಹ್ನ ನಿಮ್ಮ ಮುಂದೆ ಒಂದೇ ನಿರ್ಣಯ ಬರಲಿದೆ. ಒಡೆಯನ ಹಕ್ಕಿಗೆ ಚ್ಯುತಿ ಬಾರದಂತೆ, ಸಾಗುವಳಿದಾರನ ಹೆಸರಿನಲ್ಲಿ ಕನಿಷ್ಠ ಮೂರು ವರ್ಷದ ದಾಖಲೆಪತ್ರ ಕೊಡಬೇಕು. ಸಾಲ, ಸಬ್ಸಿಡಿ, ಪರಿಹಾರ ಆ ಪತ್ರದ ಮೇಲೆ ಸಿಗಬೇಕು. ಗುತ್ತಿಗೆಗೆ ಹಿಡಿದವರು ಇದಕ್ಕೆ ಸಹಿ ಹಾಕುತ್ತೀರಿ, ನನಗೆ ಗೊತ್ತು. ಜಮೀನು ಕೊಟ್ಟಿರುವ ಯಜಮಾನರೂ ಈ ಸಭೆಯಲ್ಲಿದ್ದೀರಿ. ಮೊದಲ ಸಹಿ ನಿಮ್ಮದಿರಲಿ ಎಂದು ಕೈಮುಗಿದು ಕೇಳುತ್ತೇನೆ.